ಅವ್ವನ ನಿಷ್ಠೆ, ನನ್ನ ಗ್ಯಾಸು, ಮಗಳ ರಬ್ಬರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಳಕಲ್ಲಿನಿಂದ ಧಾರವಾಡಕ್ಕೆ ಹೋಗುವಾಗ ಅಮೀನಗಡದಲ್ಲಿ ಬಸ್ಸು ನಿಂತಿತ್ತು, ಅವ್ವ ನನಗೆ ಕರದಂಟು ಕೊಡಿಸಿದ್ದಳು ಎಂಬುದು ನನ್ನ ನೆನಪು. ಬಸ್ಸು ನಿಂತದ್ದು ಖರೆ, ಕರದಂಟು ಸುಳ್ಳು ಎಂಬುದು ಅವ್ವನ ನೆನಪು. ನಾನಾಗ ಮೂರನೆಯ ಇಯತ್ತೆಯಲ್ಲಿದ್ದೆನೋ ನಾಲ್ಕನೆಯದರಲ್ಲೋ, ಅದೂ ಖಾತ್ರಿಯಿಲ್ಲ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಬಾದಾಮಿಯ ಗುಹೆಗಳನ್ನು ಯಾರು, ಯಾವಾಗ ಕೊರೆಸಿದರು ಎಂದು ವಿದ್ಯಾರ್ಥಿಗಳ ಮುಂದೆ ನಿಂತು ಧೈರ್ಯವಾಗಿ ಹೇಳುತ್ತೇನೆ. ನನ್ನದೇ ಬಾಲ್ಯದ ಆ ಒಂದು ದಿನಕ್ಕೆ ಮಾತ್ರ ಶಾಸನವಿಲ್ಲ. ಇರುವ ಒಬ್ಬಳೇ ಸಾಕ್ಷಿ ಅವ್ವ. ಆಕೆ ಬಾಯಿ ಬಿಡುವುದಿಲ್ಲ.

ಆ ದಿನ ಧಾರವಾಡಕ್ಕೆ ಹೋದದ್ದು ನನ್ನ ಕಿವಿಯ ಸಲುವಾಗಿ ಎಂದು ಅವ್ವ ಹೇಳುತ್ತಾಳೆ. ನನ್ನ ಕಿವಿ ಸೋರುತ್ತಿತ್ತಂತೆ. ನನಗೆ ನೆನಪಿರುವ ಡಾಕ್ಟರು ನನ್ನ ಕಿವಿಯನ್ನು ನೋಡಲೇ ಇಲ್ಲ. ಒಂದು ಹಾಳೆ ಕೊಟ್ಟು ಮನೆಯ ಚಿತ್ರ ತೆಗೆ ಎಂದರು. ನಾನು ತೆಗೆದೆ. ಬಾಗಿಲು ಎಲ್ಲೈತಿ ತಂಗಿ ಎಂದು ಕೇಳಿದರು. ಬಾಗಿಲು ಬರೆಯುವುದನ್ನು ಮರೆತಿದ್ದೆ. ಅವ್ವ ಆಗ ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕೂತಿದ್ದಳು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಚೆಗೆ ಯೋಚಿಸಿದಾಗ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದವಳು ನಾನೇ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತವಳು ಅವ್ವ ಎಂದು ಕಾಣತೊಡಗಿದೆ. ಹಾಗಾದರೆ ಮನೆಯ ಚಿತ್ರ ತೆಗೆಸಿದ್ದು ನನ್ನನ್ನು ಸುಮ್ಮನಿರಿಸುವುದಕ್ಕೋ? ಯಾವುದು ಕಂಡದ್ದು, ಯಾವುದು ಆಮೇಲೆ ನಾನು ಕೂಡಿಸಿಕೊಂಡದ್ದು, ಗೊತ್ತಿಲ್ಲ.

ನಮ್ಮ ಕಡೆ ಧಾರವಾಡ ಎಂಬ ಊರಿನ ಹೆಸರು ಎತ್ತುವುದೇ ಸ್ವಲ್ಪ ನಾಜೂಕಿನ ಕೆಲಸ. ಅಲ್ಲಿ ವಿಶ್ವವಿದ್ಯಾಲಯವೂ ಇದೆ, ತಲೆ ಕೆಟ್ಟವರ ದವಾಖಾನೆಯೂ ಇದೆ. ನಾನು ಎಂ.ಎ. ಓದಲು ಹೋದಾಗ ಅವ್ವ ಓಣಿಯಲ್ಲಿ ಯಾರೇ ಕೇಳಿದರೂ, “ಮಗಳು ಧಾರವಾಡದಾಗ ಅದಾಳ,” ಎಂದು ನಿಲ್ಲಿಸುತ್ತಿರಲಿಲ್ಲ. ಉಸಿರು ಬಿಡದೆ, “ಓದಾಕ,” ಎಂದು ಸೇರಿಸುತ್ತಿದ್ದಳು. ಅದರಲ್ಲಿ ಅಷ್ಟು ಅವಸರ ಯಾಕೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಅವ್ವನ ನಿಷ್ಠೆಯ ಬಗ್ಗೆ ಹೇಳಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರೆಲ್ಲ ಆಗಾಗ ಕೈಯಿಂದ ಮುಟ್ಟಿ ನೋಡಿಕೊಳ್ಳುವುದು ಇದ್ದದ್ದೇ. ಅವ್ವನದು ಆಗಾಗ ಅಲ್ಲ. ಬೆಳ್ಳಿಯ ಕರಡಿಗೆಯನ್ನು ತೆರೆಯುವಳು, ಒಳಗಿನ ಬಟ್ಟೆ ಬಿಚ್ಚಿ ಲಿಂಗ ಇದೆಯೇ ನೋಡುವಳು, ಕಣ್ಣಿಗೊತ್ತಿಕೊಂಡು ಬಟ್ಟೆ ಸುತ್ತಿ ಮುಚ್ಚುವಳು. ಮುಚ್ಚಿದ ಮೇಲೆ ಮುಖದಲ್ಲಿ ಏನೋ ಸರಿಯುವುದು. ಮುಚ್ಚುವಾಗ ಜಾರಿ ಬಿದ್ದಿದ್ದರೆ? ಮತ್ತೆ ತೆರೆಯುವಳು. ರೊಟ್ಟಿ ತಟ್ಟುವಾಗ ಎರಡು ರೊಟ್ಟಿಗೊಮ್ಮೆ ಕೈ ತೊಳೆದು, ಒರೆಸಿ, ತೆರೆದು ನೋಡುವಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿರುತ್ತಿತ್ತು. ನಸುಕಿನಲ್ಲಿ ಪೂಜೆಗೆ ಕೂತರೆ ಹಣೆಯ ವಿಭೂತಿಯ ಮೂರು ಗೆರೆ ಸರಿಯಾಗಿ ಬಂದಿಲ್ಲವೆಂದು ಒರೆಸಿ ಹಚ್ಚಿ, ಒರೆಸಿ ಹಚ್ಚಿ, ಏಳುವಷ್ಟರಲ್ಲಿ ನಮ್ಮ ಸಾಲಿಯ ಗಂಟೆ ಬಾರಿಸಿರುತ್ತಿತ್ತು. ನಾವು ಮಕ್ಕಳು ನಿನ್ನೆಯ ಕಟಕ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿಂದು ಓಡುತ್ತಿದ್ದೆವು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಇದಕ್ಕೆ ಒಂದೇ ಹೆಸರು, ನಿಷ್ಠೆ. ಸೀರೆ ನೇಯುವವರು ಕೂಡ ಮಗ್ಗ ನಿಲ್ಲಿಸಿ, “ನಿಮ್ಮವ್ವನಂಥಾ ಲಿಂಗನಿಷ್ಠಿ ಈಗಿನ ಕಾಲದಾಗ ಎಲ್ಲೈತಿ,” ಎನ್ನುತ್ತಿದ್ದರು. ಸೀರೆ ಅಂಗಡಿ ಇಟ್ಟುಕೊಂಡಿದ್ದ ಅಪ್ಪನಿಗೆ ಗಿರಾಕಿಗಳ ಮುಂದೆ ಇದರಿಂದ ಮಾನ ಹೆಚ್ಚಿತ್ತು, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ.

ಗುಡೂರಿನಲ್ಲಿ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಇದ್ದಾನೆ. ಒಂದು ಶ್ರಾವಣದಲ್ಲಿ ಅವನ ಓಣಿಯವರು ಪ್ರವಚನ ಇಟ್ಟಿದ್ದರು. ಪ್ರವಚನ ನಡೆದಿರುವಾಗಲೇ ಅವ್ವ ಪಕ್ಕದ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದಳು. ಆಕೆ ಗಾಬರಿಯಾಗಿ ಎದ್ದಳು. ಲಿಂಗ ಕಳೆದಿದೆ ಎಂದರೆ ನಮ್ಮವರಲ್ಲಿ ಸಣ್ಣ ಮಾತಲ್ಲ. ಹೆಂಗಸರ ಸಾಲುಗಳೆಲ್ಲ ಎದ್ದು ನಿಂತವು.

“ಎಲ್ಲಿ ಬಿತ್ತವಾ? ಕೊಳ್ಳಾಗ ಕರಡಿಗಿ ಐತಲ್ಲ.”

“ಕರಡಿಗಿ ಐತಿ ಬಿಡ್ರಿ. ಒಳಗ ಐತೋ ಇಲ್ಲೋ, ಅದನ್ನ ನೋಡ್ರಿ.”

ಒಬ್ಬ ಮುದುಕಿ ತೆರೆದು ನೋಡಿದಳು. “ಐತಿ. ನೋಡು, ಬೆಳಗಾಕತ್ತೈತಿ.”

“ನೀವು ಮುಚ್ಚುವಾಗ ಬಿದ್ದಿದ್ರ?”

ಮುದುಕಿ ಮತ್ತೆ ತೆರೆದಳು. ಆಮೇಲೆ ಆಕೆಗೂ ಅನುಮಾನ ಹತ್ತಿರಬೇಕು, ಮೂರನೆಯವಳಿಗೆ ಕೊಟ್ಟು ನೋಡಿಸಿದಳು. ಕೊನೆಗೆ ಎಲ್ಲರೂ ಸೇರಿ ಜಮಖಾನೆ ಎತ್ತಿ ಝಾಡಿಸಿದರು. ಜಮಖಾನೆಯಿಂದ ಕಡಲೆಸಿಪ್ಪೆ, ಒಂದು ಕಾಲುಂಗುರ ಮತ್ತು ಯಾವುದೋ ಕೂಸಿನ ಸಾಕ್ಸ್ ಬಿದ್ದವು. ಲಿಂಗ ಅಷ್ಟು ಹೊತ್ತೂ ಅವ್ವನ ಎದೆಯ ಮೇಲೆಯೇ ಇತ್ತು. ವೇದಿಕೆಯ ಮೇಲಿದ್ದ ಸ್ವಾಮಿಗಳು ವಿಷಯ ಕೇಳಿ ತಿಳಿದುಕೊಂಡು, ಕ್ಷಣಹೊತ್ತೂ ಲಿಂಗವನ್ನು ಮರೆಯದ ಇಂಥ ತಾಯಂದಿರು ಮನೆಗೊಬ್ಬರಿರಬೇಕು ಎಂದು ಹೇಳಿ, ಮೇಲೆ ಕರೆದು ಶಾಲು ಹೊದಿಸಿದರು. ಫೋಟೋ ಇದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅವ್ವ ಕೆಳಗೆ ಮಡಚಿಟ್ಟ ಜಮಖಾನೆ ನೋಡುತ್ತಿದ್ದಾಳೆ. ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದವಳು ನಾನೇ. ಅವ್ವನ ಕಣ್ಣು ಎಲ್ಲಿದೆ ಎಂದು ನೋಡಿದ್ದು ಮಾತ್ರ ಬಹಳ ವರ್ಷದ ಮೇಲೆ.

ಈ ನಿಷ್ಠೆ ಯಾವಾಗ ಶುರುವಾಯಿತು ಎಂಬುದಕ್ಕೂ ನನ್ನಲ್ಲಿ ಸರಿಯಾದ ದಾಖಲೆ ಇಲ್ಲ. ಮದುವೆಯಾಗಿ ಬಂದಾಗಲೇ ಅಂಜುಬುರುಕಿಯಾಗಿದ್ದಳೆಂದು ಸೋದರತ್ತೆಯರು ಹೇಳುತ್ತಿದ್ದರು. ನನ್ನ ತಮ್ಮ ಹುಟ್ಟಿದ ಮೇಲೆ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಎಷ್ಟು ದಿನ ಎಂದರೆ, ಕೂಸಿನ ತೊಟ್ಟಿಲು ಮೂಲೆಯಿಂದ ಮೂಲೆಗೆ ಸರಿದು ಕೊನೆಗೆ ಅಜ್ಜಿಯ ಕೋಣೆಗೆ ಹೋಯಿತು. ಅವ್ವ ಅಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ಬಾಣಂತಿಗೆ ಗಾಳಿ ಸೋಕಿದೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿದರು. ಅದೇ ಹೊತ್ತಿಗೆ ನಾನು ಸಾಲಿಗೆ ಹೋಗುವುದನ್ನು ಬಿಟ್ಟಿದ್ದೆ. ಬೆಳಿಗ್ಗೆ ಪಾಟಿಚೀಲ ಕೈಗೆ ಕೊಟ್ಟರೆ ಹೊಟ್ಟೆನೋವು ಬರುತ್ತಿತ್ತು, ಚೀಲ ಕೆಳಗಿಟ್ಟರೆ ನಿಲ್ಲುತ್ತಿತ್ತು. ಧಾರವಾಡಕ್ಕೆ ಹೋದದ್ದು ಆ ದಿನಗಳಲ್ಲೇ ಇರಬೇಕು. ಆದ್ದರಿಂದ ನನ್ನ ಲೆಕ್ಕದಲ್ಲಿ ಆ ದವಾಖಾನೆಗೆ ಹೋಗುವ ಯೋಗ್ಯತೆ ನಮ್ಮಿಬ್ಬರಿಗೂ ಸಮಾನವಾಗಿ ಇತ್ತು.

ಬಂದ ಮೇಲೆ ಒಲೆಯ ಮೇಲಿನ ಮಾಡದಲ್ಲಿ ಒಂದು ಕಂದು ಬಣ್ಣದ ಬಾಟಲಿ ಬಂದು ಕೂತಿತು. ಕಿವಿ ಗುಳಿಗೆ ಎಂದು ಅದರ ಹೆಸರು. ನಾನು ಅದನ್ನು ನುಂಗಿದ ನೆನಪಿಲ್ಲ. ನೀನೇ ನುಂಗಿದ್ದು ಎನ್ನುತ್ತಾಳೆ ಅವ್ವ. ನೆನಪಿರುವುದು ಬೇರೆ: ಆ ದಿನಗಳಲ್ಲಿ ಅವ್ವ ಎಲ್ಲಿಗೆ ಹೋದರೂ ಕೈಯಲ್ಲಿ ನೀರಿನ ತಂಬಿಗೆ ಇರುತ್ತಿತ್ತು. ಪಡಸಾಲೆಗೆ ಬಂದರೂ ತಂಬಿಗೆ, ಹಿತ್ತಲಿಗೆ ಹೋದರೂ ತಂಬಿಗೆ. ಎರಡು ಮಾತಿಗೊಂದು ಗುಟುಕು. ಓಣಿಯ ಹೆಂಗಸರು, “ಏನವಾ, ಹೊಳಿ ಕುಡದು ಬತ್ತಸ್ತೀಯೇನು?” ಎಂದು ಆಡಿಕೊಳ್ಳುತ್ತಿದ್ದರು. ಆದರೆ ಆಕೆ ಹಾಸಿಗೆ ಬಿಟ್ಟು ಎದ್ದಿದ್ದಳು. ಕೂಸನ್ನು ಎತ್ತಿಕೊಂಡಿದ್ದಳು. ಕರಡಿಗೆ ತೆರೆಯುವ ಚಟ ಇತ್ತು, ಕಡಿಮೆಯಿತ್ತು. ಒಂದು ದಿನ ಬಾಟಲಿ ಮಾಯವಾಯಿತು, ಆಮೇಲೆ ತಂಬಿಗೆಯೂ. ನಿಷ್ಠೆ ಮತ್ತೆ ಜೋರಾಯಿತು.

ನನ್ನ ಸರದಿಗೆ ಬರೋಣ. ನನ್ನ ಹೊಟ್ಟೆನೋವಿಗೆ ಹೆಸರಿಟ್ಟವನು ಮಾಮಾ. ಅವನು ಸಾರಿಗೆ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಇಷ್ಟು ವರ್ಷ ಜನರನ್ನು ನೋಡಿದ್ದರಿಂದ ಯಾರಿಗೆ ಏನು ರೋಗ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ. ಅವನ ಶಾಸ್ತ್ರದಲ್ಲಿ ಇರುವ ರೋಗ ಒಂದೇ.

“ಗ್ಯಾಸ್ ಐತಿ. ಮನಷ್ಯಾಗ ಗ್ಯಾಸ್ ಬಿಟ್ರ ಬ್ಯಾರೇ ಜಡ್ಡೇ ಇಲ್ಲ. ಹೊಟ್ಟ್ಯಾಗ ನಿಂತ್ರ ಹೊಟ್ಟಿನೋವು, ಎದಿಗೆ ಏರಿದ್ರ ಹಾರ್ಟು, ತಲಿಗೆ ಏರಿದ್ರ ಧಾರವಾಡ.”

ಧಾರವಾಡ ಎಂದಾಗ ಅವ್ವ ಅವನನ್ನು ಒಂದು ನೋಟ ನೋಡುವಳು, ಅವನು ಅಜವಾನದ ಡಬ್ಬಿ ಹುಡುಕಿಕೊಂಡು ಒಳಗೆ ಹೋಗುವನು.

ಚಿಕ್ಕಂದಿನಲ್ಲಿ ನನಗಿದ್ದದ್ದು ಸಾಲಿಯ ಗ್ಯಾಸು. ಎಂ.ಎ. ಓದುವಾಗ ಅದು ಬೇರೆ ವೇಷ ಹಾಕಿತು. ಬರೆದ ಟಿಪ್ಪಣಿಯಲ್ಲಿ ಒಂದು ಅಕ್ಷರ ಓರೆಯಾದರೆ ಇಡೀ ಪುಟ ಮತ್ತೆ ಬರೆಯುತ್ತಿದ್ದೆ. ಹಾಸ್ಟೆಲಿನ ಕೀಲಿ ಹಾಕಿದೆನೇ ಎಂದು ನೋಡಲು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದೆ. ಕೀಲಿಯನ್ನು ಎಳೆದೆಳೆದು ನೋಡುವವಳಿಗೆ ಯಾರೂ ಶಾಲು ಹೊದಿಸುವುದಿಲ್ಲ ಎಂಬುದು ನನಗೆ ಅಲ್ಲಿ ತಿಳಿಯಿತು. ಮಗಳು ಹುಟ್ಟಿದ ಮೇಲೆ ನಾನೂ ಗೋಡೆ ನೋಡಿದೆ. ಅವ್ವ ಬಾಣಂತನಕ್ಕೆ ಬಂದವಳು ಕಿಟಕಿಗಳನ್ನು ಮುಚ್ಚಲಿಲ್ಲ, ಅಷ್ಟೂ ತೆರೆದಿಟ್ಟಳು. ಯಾಕೆ ಎಂದು ನಾನು ಆಗ ಕೇಳಲಿಲ್ಲ. ಆ ಕಾಲದ ನನ್ನ ಡೈರಿ ತೆಗೆದು ನೋಡಿದರೆ ದಿನಕ್ಕೊಂದು ಸಾಲು ಇದೆ: “ಆರಾಮ.” ಮರುದಿನ, “ಆರಾಮ.” ಇಂಥ ಆಕರವನ್ನು ನನ್ನ ವಿದ್ಯಾರ್ಥಿ ತಂದುಕೊಟ್ಟಿದ್ದರೆ ನಂಬಬೇಡ ಎನ್ನುತ್ತಿದ್ದೆ.

ಆಮೇಲೆ ಬಾದಾಮಿ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಗುಹೆ ನೋಡಲು ಹೋಗಿದ್ದೆ. ಮೆಟ್ಟಿಲ ನಡುವೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಕೈಬೆರಳು ಜೋಮು ಹಿಡಿದು, ಇನ್ನು ಎರಡು ನಿಮಿಷದಲ್ಲಿ ಇಲ್ಲೇ ಸಾಯುತ್ತೇನೆ ಎಂಬುದು ಖಚಿತವಾಗಿಬಿಟ್ಟಿತು. ಕಂಬಿ ಹಿಡಿದು ಕುಸಿದು ಕೂತೆ. ಅದೇ ಹೊತ್ತಿಗೆ ಒಂದು ಮಂಗ ಬಂದು ನನ್ನ ಕೈಚೀಲದಿಂದ ಬಾಳೆಹಣ್ಣು ಎಳೆದುಕೊಂಡಿತು. ಹುಡುಗಿಯರು ಓಡಿಬಂದು, “ಮೇಡಮ್ಮಾರು ಮಂಗ್ಯಾಗ ಅಂಜ್ಯಾರ,” ಎಂದು ನೀರು ಕೊಟ್ಟರು. ನಾನು ಆ ಮಂಗಕ್ಕೆ ಇವತ್ತಿಗೂ ಋಣಿ. ಅಂಜಿಕೆಗೆ ಎಲ್ಲರೂ ಕಣ್ಣಾರೆ ಕಾಣುವಂಥ ಕಾರಣ ಒಂದು ಬೇಕಾಗುತ್ತದೆ, ಅದನ್ನು ಅದು ಬಾಲಸಮೇತ ಒದಗಿಸಿತು. ಹೃದಯದ ಪರೀಕ್ಷೆಯೂ ಆಯಿತು. ಇ.ಸಿ.ಜಿ. ಪಟ್ಟಿಯಲ್ಲಿ ಏನೂ ಇಲ್ಲ ಎಂದಾಗ ಮಾಮಾ ಗುಡೂರಿನಿಂದಲೇ ಫೋನು ಮಾಡಿ, “ನಾ ಹೇಳಿದ್ನಿಲ್ಲೋ,” ಎಂದ.

ಮನಸ್ಸಿನ ಡಾಕ್ಟರ ಬಳಿಗೆ ನಾನು ಹೋದದ್ದು ಯಾರಿಗೂ ಹೇಳದೆ. ಗಂಡನಿಗೆ ಮಾತ್ರ ಹೇಳಿದ್ದೆ, ಅವರು, ಹೋಗಿ ಬಾ, ಅವ್ವಗ ಹೇಳಬ್ಯಾಡ ಎಂದರು. ಡಾಕ್ಟರಮ್ಮ ನಮ್ಮ ಕಡೆಯವರೇ. ನನ್ನ ಕಥೆ ಕೇಳಿ ಒಂದಲ್ಲ, ಮೂರು ಹೆಸರು ಬರೆದರು. ಅಂಜಿಕೆ ಒಂದು, ತಿರುತಿರುಗಿ ಪರೀಕ್ಷಿಸುವುದು ಒಂದು, ಬಾಣಂತನದಲ್ಲಿ ಬಂದು ಹೋಗಿ ಆಮೇಲೆ ಆಗಾಗ ಇಣುಕುವ ಮಂಕು ಒಂದು. ನನಗೆ ಮೂರು ರೋಗವೇ ಎಂದು ಕೇಳಿದೆ. ಮೂರೂ ಜೊತೆಯಾಗಿ ಬರುವುದೇ ಹೆಚ್ಚು, ಒಂದೊಂದು ವಯಸ್ಸಿನಲ್ಲಿ ಒಂದೊಂದು ಮುಂದೆ ನಿಲ್ಲುತ್ತದೆ ಎಂದರು. ನಾನು ಇರುವುದು ನವನಗರದಲ್ಲಿ, ಗಂಡನ ಮನೆಯವರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯವರು. ಸರಕಾರ ಇಲ್ಲಿ ಗೆರೆ ಹೊಡೆದು ಸೆಕ್ಟರು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟು ಕೂರಿಸಿತು. ಹಳೆಯ ಊರಿನಲ್ಲಿ ಒಂದೇ ಗೋಡೆ ಹಂಚಿಕೊಂಡಿದ್ದವರು ಈಗಲೂ ಸಂಜೆಯಾದರೆ ಸೆಕ್ಟರು ದಾಟಿ ಒಬ್ಬರ ಕಟ್ಟೆಗೆ ಒಬ್ಬರು ಬಂದು ಕೂರುತ್ತಾರೆ. ನನ್ನ ಮೂರು ರೋಗಗಳೂ ಹಾಗೆಯೇ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. ಅದು ನನಗೆ ಸ್ವಲ್ಪ ಅಂಜಿಕೆ ಹುಟ್ಟಿಸಿತು. ಆಮೇಲೆ, “ಮನ್ಯಾಗ ಮತ್ತ ಯಾರಿಗರ ಹಿಂಗ ಇತ್ತೇನ್ರಿ?” ಎಂದು ಕೇಳಿದರು. ಇಲ್ಲ ಎಂದೆ. ಪಡಸಾಲೆಯಲ್ಲಿ ಶಾಲು ಹೊದ್ದ ಫೋಟೋ ಇಟ್ಟುಕೊಂಡು, ಹಿಂದೆಮುಂದೆ ನೋಡದೆ ಇಲ್ಲ ಎಂದೆ.

ಆ ‘ಇಲ್ಲ’ ನನ್ನನ್ನು ಹಿಡಿದದ್ದು ಮಗಳ ರಬ್ಬರಿನ ಹೊತ್ತಿಗೆ.

ಮಗಳು ಈಗ ಹತ್ತನೆಯ ಇಯತ್ತೆ. ಕಳೆದ ವರ್ಷದಿಂದ ಆಕೆ ಬರೆಯುತ್ತಾಳೆ, ರಬ್ಬರಿನಿಂದ ಅಳಿಸುತ್ತಾಳೆ, ಬರೆಯುತ್ತಾಳೆ, ಅಳಿಸುತ್ತಾಳೆ. ಹಾಳೆ ತೂತು ಬಿದ್ದು ಹಿಂದಿನ ಪುಟದ ಅಕ್ಷರ ಇಣುಕುತ್ತದೆ. ತಿಂಗಳಿಗೆ ಎಷ್ಟೋ ರಬ್ಬರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿರುವ ಅವ್ವ ಮೊಮ್ಮಗಳ ಪಕ್ಕದಲ್ಲಿ ಕೂತು, ಟೇಬಲ್ಲಿನ ಮೇಲಿನ ರಬ್ಬರಿನ ಹುಡಿಯನ್ನು ಕೈಯಿಂದ ಬಳಿದು ಒಟ್ಟುಮಾಡುತ್ತಾ, “ಎಷ್ಟ ಅಚ್ಚುಕಟ್ಟು ನೋಡು ನನ್ನ ಬಂಗಾರದ್ದು. ಥೇಟ್ ನನ್ನಂಗ,” ಎನ್ನುತ್ತಿದ್ದಳು.

ಪರೀಕ್ಷೆ ಬಂತೆಂದರೆ ಮಗಳು ವಾಂತಿ ಮಾಡತೊಡಗಿದಳು. ಊಟ ಕಡಿಮೆಯಾಯಿತು. ಕೈ ತೊಳೆದು ತೊಳೆದು ಬೆರಳ ಸಂದು ಒಡೆದವು. ಸೋಮವಾರ ಸಾಲಿಗೆ ಹೋಗುವುದು ನಿಂತಿತು, ಆಮೇಲೆ ಮಂಗಳವಾರವೂ. ಮಾಮಾ ಫೋನಿನಲ್ಲೇ ಅಜವಾನ ಹೇಳಿದ. ಮಗಳು ತನ್ನ ಪಾಡಿಗೆ ಮೊಬೈಲಿನಲ್ಲಿ ಸಂಶೋಧನೆ ನಡೆಸಿದ್ದಳು.

“ಮಮ್ಮಿ, ನನಗ ಏಳು ರೋಗ ಅದಾವ.”

“ಏಳು?”

“ನಿನ್ನೆ ಒಂಬತ್ತಿದ್ವು. ಎರಡು ಡಿಲೀಟ್ ಮಾಡೀನಿ. ಅವು ನಮ್ಮ ಸೈನ್ಸ್ ಸರ್‌ಗೆ ಹೆಚ್ಚು ಮ್ಯಾಚ್ ಆಗ್ತಾವ.”

ನಕ್ಕೆವು, ಇಬ್ಬರೂ. ನಗುತ್ತಲೇ, ಡಾಕ್ಟರ ಹತ್ತಿರ ಹೋಗೋಣ ಎಂದೆ. ಆಕೆಯ ನಗು ನಿಂತಿತು. ಫೋನು ಬೋರಲು ಹಾಕಿದಳು.

“ನಮ್ಮ ಮನ್ಯಾಗ ನಾ ಒಬ್ಬಾಕೀನ ಏನು ಹಿಂಗ?”

ನನ್ನ ಗುಳಿಗೆಗಳು ಒಳಗಿನ ಕಪಾಟಿನಲ್ಲಿ, ‘ಗ್ಯಾಸ್’ ಎಂದು ಚೀಟಿ ಹಚ್ಚಿದ ಡಬ್ಬಿಯಲ್ಲಿದ್ದವು. ಚೀಟಿ ಬರೆದದ್ದು ನನ್ನದೇ ಕೈ.

“ಒಬ್ಬಾಕಿ ಆಗಿದ್ರ ನಾ ಬರಂಗಿಲ್ಲ,” ಎಂದಳು ಮಗಳು. “ಎಲ್ಲಾರೂ ಶ್ಯಾಣೇರು, ನಾ ಒಬ್ಬಾಕಿ ಹುಚ್ಚಿ, ಹಂಗ ನಾ ಹೋಗಂಗಿಲ್ಲ.”

ವಾರ ಕಳೆಯಿತು. ಆಕೆ ಬರಲಿಲ್ಲ, ಸರಿಯಾಗಿ ತಿನ್ನಲಿಲ್ಲ, ಸಾಲಿಗೂ ಹೋಗಲಿಲ್ಲ. ಆಕೆಗೆ ಬೇಕಾದದ್ದು ಔಷಧವಲ್ಲ, ಜೊತೆ. ನನ್ನ ಗುಟ್ಟು ಹೇಳಬೇಕೆಂದು ದಿನವೂ ಬಾಯಿ ತೆರೆಯುವೆ, ಇವತ್ತು ಬೇಡ ಎಂದು ಮುಚ್ಚುವೆ. ಕರಡಿಗೆಯಂತೆಯೇ. ಕೊನೆಗೆ ಒಂದು ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಪಡಸಾಲೆಗೆ ಬಂದಳು.

“ಏಳವಾ, ನಾನೂ ಬರ್ತೇನಿ. ನನಗೂ ಭಾಳ ದಿನದಿಂದ ಗ್ಯಾಸ್ ಆಗೇತಿ. ಇಬ್ಬರೂ ತೋರಿಸ್ಕೊಂಡು ಬರೂಣು.”

ಮೊಮ್ಮಗಳು ಅಜ್ಜಿಯ ಮುಖವನ್ನೇ ನೋಡಿದಳು. ಏನು ಕಂಡಳೋ, ಎದ್ದು ಚಪ್ಪಲಿ ಮೆಟ್ಟಿದಳು. ಹೊರಡುವಾಗ ಅವ್ವ ಕರಡಿಗೆ ತೆರೆದು ನೋಡಿದಳು, ಮಗಳು ನೀರಿನ ನಳ ನೋಡಿ ಬಂದಳು, ನಾನು ಸಿಲಿಂಡರ್ ನೋಡಿ ಬಂದೆ. ನಾಲ್ಕು ಹೆಜ್ಜೆ ಹೋಗಿ ಮೂವರೂ ತಿರುಗಿ ಬಂದೆವು. ಆಟೋದವನು, “ಏನರ ಬಿಟ್ಟೀರೇನ್ರಿ?” ಎಂದು ಕೇಳಿದ. ಏನನ್ನೂ ಬಿಟ್ಟಿರಲಿಲ್ಲ.

ದವಾಖಾನೆಯ ಬೋರ್ಡಿನಲ್ಲಿ ಮನೋರೋಗ ಎಂದು ದೊಡ್ಡ ಅಕ್ಷರ. ಅವ್ವ ತಲೆಯ ಮೇಲಿನ ಸೆರಗು ಮುಂದೆಳೆದುಕೊಂಡು, “ಸಣ್ಣದಾಗಿ ಬರಸಬೇಕಿತ್ತು,” ಎಂದಳು. ಒಳಗೆ ಬೆಂಚಿನ ಮೇಲೆ ನಮ್ಮ ಹಿಂದಿನ ಸಾಲಿನ ಮನೆಯಾಕೆ ಕೂತಿದ್ದಳು. ನಾವೂ ಆಕೆಯೂ ಒಬ್ಬರನ್ನೊಬ್ಬರು ನೋಡದಿರಲು ಪಟ್ಟ ಪ್ರಯತ್ನ ಫಲಿಸಲಿಲ್ಲ.

“ನೀವಿಲ್ಲಿ?”

“ಗ್ಯಾಸ್‌ರಿ,” ಎಂದಳು ಅವ್ವ. “ನಿಮಗ?”

“ನನಗೂ ಅದ ಆಗೇತ್ರಿ. ನಿದ್ದೀನ ಹತ್ತವಲ್ದು.”

ಪಕ್ಕದಲ್ಲಿದ್ದ ಮುದುಕರೊಬ್ಬರು, ಯಾರೂ ಕೇಳದಿದ್ದರೂ, ತಮಗೂ ಪಿತ್ತ ಎಂದರು. ಇಡೀ ಬೆಂಚಿನಲ್ಲಿ ಮನೋರೋಗಿ ಒಬ್ಬರೂ ಇರಲಿಲ್ಲ.

ಡಾಕ್ಟರಮ್ಮ ನನ್ನನ್ನು ಕಂಡು ಗುರುತಿನ ನಗೆ ನಕ್ಕರು, ತಟ್ಟನೆ ನುಂಗಿಕೊಂಡರು. ಮಗಳೊಂದಿಗೆ ಬಹಳ ಹೊತ್ತು ಮಾತಾಡಿದರು. ಏಳು ರೋಗಗಳ ಪಟ್ಟಿಯನ್ನು ಪೂರ್ತಿ ಕೇಳಿ, ಇದರಲ್ಲಿ ಎರಡನ್ನು ಇಟ್ಟುಕೊಳ್ಳೋಣ, ಉಳಿದವನ್ನು ವಾಪಸು ಮಾಡು ಎಂದರು. ಮಗಳಿಗೆ ಅದು ಹಿಡಿಸಿತು. ಆಮೇಲೆ ಅದೇ ಪ್ರಶ್ನೆ ಬಂತು.

“ಮನ್ಯಾಗ ಮತ್ತ ಯಾರಿಗರ ಹಿಂಗ ಇತ್ತೇನ್ರಿ? ಇದ್ರ, ಯಾವ ಔಷಧ ಒಗ್ಗಿತ್ತು ಅಂತ ತಿಳದ್ರ ನಮಗ ಹಾದಿ ಸಿಗತೈತಿ.”

ಮಗಳು ನನ್ನತ್ತ ತಿರುಗಿದಳು. ನಾನು ಹೇಳಿದೆ. ಬಾದಾಮಿಯ ಮಂಗದಿಂದ ಹಿಡಿದು ಗ್ಯಾಸ್ ಡಬ್ಬಿಯವರೆಗೆ, ಎಲ್ಲವನ್ನೂ, ಅವ್ವನ ಎದುರಿಗೇ. ನನ್ನ ದನಿ ಪಾಠ ಮಾಡುವವಳ ದನಿಯಂತೆ ಇತ್ತು ಎಂದು ಮಗಳು ಆಮೇಲೆ ಹೇಳಿದಳು.

“ನಿನಗೂ?” ಎಂದಳು ಮಗಳು. ಸಿಟ್ಟೋ ಸಮಾಧಾನವೋ ಗೊತ್ತಾಗಲಿಲ್ಲ.

“ಆಕಿದು ಗ್ಯಾಸ್‌ರಿ,” ಎಂದಳು ಅವ್ವ ಡಾಕ್ಟರಿಗೆ.

“ನಿಮಗ, ಅಮ್ಮಾರ?” ಎಂದರು ಡಾಕ್ಟರಮ್ಮ.

“ನನಗೇನಾಗೇತ್ರಿ, ಗಟ್ಟಿ ಅದೀನಿ.” ಕೈ ಕರಡಿಗೆಯ ಮೇಲಿತ್ತು.

ಡಾಕ್ಟರಮ್ಮ ಮತ್ತೇನೂ ಕೇಳಲಿಲ್ಲ. ವಾರಕ್ಕೊಮ್ಮೆ ಮಾತುಕತೆಗೆ ಬರಬೇಕು, ಜೊತೆಗೆ ಒಂದು ಸಣ್ಣ ಗುಳಿಗೆ ಎಂದು ಚೀಟಿ ಬರೆಯತೊಡಗಿದರು. ಅವ್ವ ಮೇಜಿನತ್ತ ಬಾಗಿ, ಯಾವುದೋ ಪಲ್ಯಕ್ಕೆ ಉಪ್ಪು ಎಷ್ಟು ಎಂದು ಹೇಳುವವಳಂತೆ ಹೇಳಿದಳು:

“ಮೊದಲ ಅರ್ಧ ಮಾಡಿ ಕೊಡ್ರಿ ಕೂಸಿಗೆ. ಪೂರ್ತಿ ನುಂಗಿದ್ರ ಬಾಯಿ ಕಟಗಿ ಆದಂಗ ಒಣಗತೈತಿ. ಎಂಟು ದಿನ ನೀರು ಜೋಡಿ ಇರಬೇಕು. ಆಮ್ಯಾಲ ತ್ರಾಸಿಲ್ಲ.”

ಪೆನ್ನು ನಿಂತಿತು. “ಅದು ಹಳೇ ಗುಳಿಗಿ ಕಥಿರಿ ಅಮ್ಮಾರ, ಈಗಿನವಕ್ಕ ಅಷ್ಟು ಒಣಗಂಗಿಲ್ಲ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ನಿಮಗ ಹೆಂಗ ಗೊತ್ತರಿ?”

“ಯಾರೋ ಅಂದಿದ್ರು.”

ನನ್ನ ಕಣ್ಣ ಮುಂದೆ ಪಡಸಾಲೆ, ಹಿತ್ತಲು, ತಂಬಿಗೆ. ಡಾಕ್ಟರಮ್ಮ ಮನೆತನದ ವಿವರದ ಜಾಗದಲ್ಲಿ ‘ತಾಯಿಯ ತಾಯಿ’ ಎಂದು ಬರೆದು ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟರು. ಮುಂದಿನ ಸಲ ನೋಡೋಣ ಎಂದರು.

ಆಟೋದಲ್ಲಿ ಮಗಳು ಬಿಡಲಿಲ್ಲ.

“ಅಜ್ಜಿ, ಖರೆ ಹೇಳು, ಯಾರು ಅಂದಿದ್ರು?”

“ಬಾಯಿ ಮುಚ್ಕೊಂಡು ಕುಂಡ್ರು. ಧೂಳ ಹೊಕ್ಕತೈತಿ.”

ಅವತ್ತು ಊಟವಾದ ಮೇಲೆ ಮಗಳು ಗುಳಿಗೆ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಅವ್ವ ಅಡುಗೆಮನೆಗೆ ಹೋಗಿ, ಅಟ್ಟದಿಂದ ಒಂದು ಹಿತ್ತಾಳೆ ತಂಬಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ ಆಕೆಯ ಮಗ್ಗುಲಲ್ಲಿ ಇಟ್ಟಳು. ಅದೇ ತಂಬಿಗೆ ಹೌದೋ ಅಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಹಿತ್ತಾಳೆ ತಂಬಿಗೆಗಳೆಲ್ಲ ಒಂದೇ ಥರ ಇರುತ್ತವೆ. ಮಗಳು ಅಜ್ಜಿಯನ್ನು ನೋಡಿದಳು, ಗುಳಿಗೆ ನುಂಗಿದಳು.

ಇದಾಗಿ ಆರು ವಾರ. ಮಗಳು ವಾರದಲ್ಲಿ ನಾಲ್ಕು ದಿನ ಸಾಲಿಗೆ ಹೋಗುತ್ತಾಳೆ. ರಬ್ಬರು ಸವೆಯುವುದು ನಿಧಾನವಾಗಿದೆ. ನನ್ನ ಡಬ್ಬಿಯ ಮೇಲಿನ ಚೀಟಿಯನ್ನು ಆಕೆಯೇ ಕಿತ್ತು ಹಾಕಿದಳು. ಮಾಮಾ ಬಂದಾಗ ಮಾತ್ರ ಮತ್ತೆ ಹಚ್ಚಬೇಕಾಯಿತು. ಅವ್ವನ ನಿಷ್ಠೆ ಇದ್ದಂತೆಯೇ ಇದೆ, ಜೊತೆಗೆ ಈಗ ಮರೆವೂ ಬಂದು ಸೇರಿಕೊಂಡಿದೆ. ಕರಡಿಗೆ ತೆರೆದದ್ದನ್ನು ನಂಬಲಾರದೆ ಮತ್ತೆ ತೆರೆಯುತ್ತಾಳೋ, ತೆರೆದದ್ದು ಮರೆತು ತೆರೆಯುತ್ತಾಳೋ, ನನಗೆ ಹೇಳಲು ಬರುವುದಿಲ್ಲ. ಮರೆವಿನ ಭಯವೇ ಬೇರೆ: ಇವತ್ತಿದ್ದ ಸಾಕ್ಷಿ ನಾಳೆ ಇರಲಾರದು. ನೀವೂ ಒಮ್ಮೆ ಒಳಗೆ ಬಂದು ಮಾತಾಡಿ ಹೋಗಿ ಎಂದು ಡಾಕ್ಟರಮ್ಮ ಅವ್ವನಿಗೆ ಹೇಳಿ ಕಳಿಸಿದ್ದರು. ಅವ್ವ, ಗ್ಯಾಸ್ ಕಡಿಮಿ ಆಗೇತಿ ಎಂದು ಉತ್ತರ ಕಳಿಸಿದಳು.

ಖಾಲಿ ಸಾಲು ಖಾಲಿಯೇ ಇದೆ. ಅದು ತುಂಬಿದರೆ ಮಗಳ ಚಿಕಿತ್ಸೆಗೆ ಎಷ್ಟು ಉಪಕಾರವೋ ಡಾಕ್ಟರಮ್ಮನೇ ಬಲ್ಲರು. ಆದರೆ ಮಗಳು ಪ್ರತಿ ವಾರ ಅಲ್ಲಿಂದ ಬಂದು, ಅಜ್ಜಿ ಹೇಳಿದಳೇ ಎಂದು ನನ್ನನ್ನು ಕಣ್ಣಿನಿಂದಲೇ ಕೇಳುತ್ತಾಳೆ. ಕಳೆದ ರವಿವಾರ ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತೆಪಲ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ಅವ್ವನ ಎದುರಿಗೆ ಕೂತು, ಒಂದು ಸೂಡು ಕೈಗೆತ್ತಿಕೊಂಡು, ಬಿಡಿಸುತ್ತಲೇ ಕೇಳಿದೆ. ಆಕೆ ನಾನು ಬಿಡಿಸಿದ ಎಲೆಗಳಲ್ಲಿ ಕಡ್ಡಿ ಉಳಿದಿವೆಯೇ ಎಂದು ಒಂದೊಂದಾಗಿ ನೋಡಿದಳು, ಇನ್ನೊಮ್ಮೆ ನೋಡಿದಳು, ಸೆರಗು ಝಾಡಿಸಿಕೊಂಡು ಒಳಗೆ ಹೋದಳು. ಇವತ್ತಿಗೆ ಐದು ದಿನವಾಯಿತು, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

“ಅವ್ವಾ, ಅವತ್ತು ಧಾರವಾಡದಾಗ ಒಳಗ ಬರ್ರಿ ಅಂತ ಕರದದ್ದು ಯಾರ ಹೆಸರು ಹಿಡದು, ನಂದೋ, ನಿಂದೋ?”